ಸರ್ ಅವರ ಎಂಟು ಲಾಗ್‌ಬುಕ್ಕುಗಳು

ಸರ್ ತೀರಿಕೊಂಡ ಮೂರನೆಯ ದಿನ, ಸಿಯಾಟಲ್‌ನಿಂದ ಬಂದಿದ್ದ ಅವರ ಮಗಳು ನನಗೆ ಫೋನ್ ಮಾಡಿದಳು. "ಅಕ್ಕಾ, ವೈಕುಂಠ ಸಮಾರಾಧನೆ ದಿನ ಒಂದು ಚಿಕ್ಕ ಕಾರ್ಡು ಹಂಚೋಣ ಅಂತಿದೀವಿ. ಅದರಲ್ಲಿ ಅಪ್ಪ ಒಟ್ಟು ಎಷ್ಟು ಗಂಟೆ ಹಾರಿದ್ರು ಅಂತ ಹಾಕಬೇಕು. ಲಾಗ್‌ಬುಕ್ಕೆಲ್ಲ ಇಲ್ಲೇ ಇವೆ, ನನಗೆ ತಲೆಬುಡ ಗೊತ್ತಾಗ್ತಿಲ್ಲ. ನೀವು ಬಂದು ನೋಡ್ತೀರಾ?" ಎಂದಳು. ಅರ್ಧ ಗಂಟೆಯ ಕೆಲಸ ಎಂದುಕೊಂಡು ಹೋದೆ. ಮುಗಿಸಲು ಒಂಬತ್ತು ರಾತ್ರಿ ಬೇಕಾಯಿತು.

ಅವರ ಹೆಸರನ್ನು ಇಲ್ಲಿ ಬರೆಯುತ್ತಿಲ್ಲ. ಪತ್ರಿಕೆಯವರು ಎರಡು ಸಲ ಸಂದರ್ಶನ ಕೇಳಿದಾಗಲೂ "ಡ್ರೈವರ್‌ನ ಫೋಟೊ ಯಾಕೆ ಸ್ವಾಮಿ" ಎಂದು ಕಳಿಸಿಬಿಟ್ಟವರು ಅವರು. ನನ್ನಂಥ ನಲವತ್ತೈವತ್ತು ಮಂದಿ ಕೋ-ಪೈಲಟ್‌ಗಳನ್ನು ತಿದ್ದಿ ತೀಡಿದ ಅವರನ್ನು ನಾವೆಲ್ಲ 'ಸರ್' ಎಂದೇ ಕರೆಯುತ್ತಿದ್ದುದರಿಂದ ಇಲ್ಲಿಯೂ ಅದೇ ಸಾಕು.

ಮನೆ ಎಚ್‌ಎಎಲ್ ಎರಡನೆಯ ಹಂತದಲ್ಲಿ. ಊಟದ ಮೇಜಿನ ಮೇಲೆ ಎಂಟು ಪುಸ್ತಕಗಳನ್ನು ಸಾಲಾಗಿ ಜೋಡಿಸಿಟ್ಟಿದ್ದರು. ಮೊದಲನೆಯದರ ರಟ್ಟು ಕಿತ್ತುಬಂದು, ಬೆನ್ನಿಗೆ ಹಳೆಯ ಸೀರೆಯ ಅಂಚಿನಂಥ ಬಟ್ಟೆ ಅಂಟಿಸಲಾಗಿತ್ತು. ಕೊನೆಯದನ್ನು ತೆರೆದರೆ, 2008ರ ಮಾರ್ಚ್ ತಿಂಗಳ ದೆಹಲಿ–ಬೆಂಗಳೂರು ಹಾರಾಟದ ಕೆಳಗೆ ಅವರ ಒತ್ತೊತ್ತಾದ ಅಕ್ಷರದಲ್ಲಿ ಒಟ್ಟು ಮೊತ್ತ ಇದ್ದೇ ಇತ್ತು: 17,846 ಗಂಟೆ 22 ನಿಮಿಷ. ಅದನ್ನೇ ಬರೆದುಕೊಂಡು ಏಳುವವಳಿದ್ದೆ. ಮಜ್ಜಿಗೆಯ ಲೋಟ ಹಿಡಿದು ಬಂದ ಅಮ್ಮ, ಅಂದರೆ ಸರ್ ಅವರ ಪತ್ನಿ ಮಾತ್ರ, "ಅವರು ಎರಡು ಸಲ ಕೂಡಿಸಿ ನೋಡದೆ ಯಾವುದಕ್ಕೂ ಸಹಿ ಹಾಕ್ತಿರಲಿಲ್ಲ. ನೀನೂ ಒಂದ್ಸಲ ಕೂಡಿಸಿಬಿಡು ಕಣಮ್ಮ" ಎಂದರು. ಇಲ್ಲ ಎನ್ನುವುದು ಹೇಗೆ?

ಲಾಗ್‌ಬುಕ್ ಎಂದರೆ ಪೈಲಟ್‌ನ ಜಾತಕ ಎಂದು ನಮ್ಮಲ್ಲಿ ತಮಾಷೆ ಮಾಡುವುದುಂಟು. ದಿನಾಂಕ, ವಿಮಾನದ ಮಾದರಿ, 'ವಿಟಿ'ಯಿಂದ ಶುರುವಾಗುವ ನೋಂದಣಿ, ಎಲ್ಲಿಂದ ಎಲ್ಲಿಗೆ, ಕಮಾಂಡ್‌ನಲ್ಲಿದ್ದವರು ಯಾರು, ಹಗಲೋ ರಾತ್ರಿಯೋ ಎಂಬುದಕ್ಕೆಲ್ಲ ಒಂದೊಂದು ಕಾಲಮ್ಮು ಇರುತ್ತದೆ. ಹೊರಡಲೆಂದು ವಿಮಾನ ನಿಂತಲ್ಲಿಂದ ಅಲುಗಿದ ಗಳಿಗೆಯಿಂದ, ಇಳಿದು ಬಂದು ಮತ್ತೆ ನಿಂತ ಗಳಿಗೆಯ ತನಕ ಸಮಯ ಎಣಿಕೆಯಾಗುತ್ತದೆ. ಆಕಾಶದಲ್ಲಿದ್ದದ್ದಷ್ಟೇ ಅಲ್ಲ, ಟ್ಯಾಕ್ಸಿವೇಯಲ್ಲಿ ಸರದಿ ಕಾದದ್ದೂ ಸೇರುತ್ತದೆ. ಪುಟದ ಕೊನೆಯಲ್ಲಿ ಆ ಪುಟದ ಮೊತ್ತ ಬರೆದು, ಹಿಂದಿನದಕ್ಕೆ ಕೂಡಿಸಿ, ಮುಂದಿನ ಪುಟದ ತಲೆಗೆ ಒಯ್ಯಬೇಕು. ಅರುವತ್ತಕ್ಕೆ ದಶಕ ತೆಗೆಯುವ ಈ ಲೆಕ್ಕ ಮಾಮೂಲಿ ಕ್ಯಾಲ್ಕುಲೇಟರಿಗೆ ಒಗ್ಗುವುದಿಲ್ಲ. ಆದ್ದರಿಂದ ಸುಮಾರು ಆರುನೂರು ಪುಟಗಳ ಮೊತ್ತಗಳನ್ನು ಲ್ಯಾಪ್‌ಟಾಪಿನ ಎಕ್ಸೆಲ್ ಹಾಳೆಗೆ ತುಂಬಿಸುವುದೆಂದು ತೀರ್ಮಾನಿಸಿ, ಡ್ಯೂಟಿ ಮುಗಿದ ಮೇಲೆ ದಿನವೂ ಬಂದು ಕೂರತೊಡಗಿದೆ.

ಮೊದಲ ಪುಸ್ತಕ ಬೆಂಗಳೂರಿನ ಜಕ್ಕೂರಿನ ಹಾರಾಟ ಶಾಲೆಯದು. ಮೈಸೂರಿನ ಶಾಲಾ ಹೆಡ್‌ಮಾಸ್ತರರ ಮಗ 1967ರಲ್ಲಿ ಹತ್ತೊಂಬತ್ತನೆಯ ವಯಸ್ಸಿಗೆ ಪುಷ್ಪಕ್ ಏರಿದ್ದಾರೆ. ಬೆಂಗಳೂರಿನ ಎಚ್‌ಎಎಲ್‌ನಲ್ಲೇ ತಯಾರಾದ, 90 ಅಶ್ವಶಕ್ತಿಯ, ಮೈಗೆ ಬಟ್ಟೆ ಬಿಗಿದ, ಇಬ್ಬರಷ್ಟೇ ಕೂರಬಹುದಾದ ಪುಟ್ಟ ವಿಮಾನ ಅದು. ಇಬ್ಬರೂ ಸ್ವಲ್ಪ ದಪ್ಪಗಿದ್ದರೆ ಬೇಸಿಗೆಯ ಮಧ್ಯಾಹ್ನ ಏರಲು ಬೇಸರಪಡುತ್ತಿತ್ತು ಎಂದು ಸರ್ ಹೇಳುತ್ತಿದ್ದರು. ಮೊದಲ ಸೋಲೊ ಹಾರಾಟದ ಸಾಲಿನಲ್ಲಿ 'ಹತ್ತು ನಿಮಿಷ' ಎಂದಿದೆ, ಅಡಿಗೆರೆಯಿಲ್ಲ, ಉದ್ಗಾರವಿಲ್ಲ. ನನ್ನ ಲಾಗ್‌ಬುಕ್ಕಿನಲ್ಲಿ ಅದೇ ಸಾಲಿಗೆ ನಾನು ನಾಲ್ಕು ಬಣ್ಣದಲ್ಲಿ ಗೆರೆ ಎಳೆದು ನಕ್ಷತ್ರ ಬಿಡಿಸಿದ್ದೇನೆ. ಅರಸೀಕೆರೆಯ ಕೊಬ್ಬರಿ ಮಂಡಿಯವರ ಮಗಳು ಒಬ್ಬಳೇ ಹಾರಿದ್ದೆಂದರೆ ನಮ್ಮ ಮನೆಯಲ್ಲಿ ಹೋಳಿಗೆಯಾಗಿತ್ತು.

ಎರಡನೆಯ ಪುಸ್ತಕದಿಂದ ಇಂಡಿಯನ್ ಏರ್‌ಲೈನ್ಸ್. 1974ರಲ್ಲಿ ಸೇರಿದವರು ಮೊದಲು ಆವ್ರೋ ಎಂದೇ ಎಲ್ಲರೂ ಕರೆಯುತ್ತಿದ್ದ ಎಚ್‌ಎಸ್-748ರಲ್ಲಿ ಹಾರಿದರು. ಎರಡು ಡಾರ್ಟ್ ಟರ್ಬೊಪ್ರಾಪ್ ಎಂಜಿನ್‌ಗಳ, ಕಾನ್ಪುರದ ಎಚ್‌ಎಎಲ್‌ನಲ್ಲಿ ಕಟ್ಟಿದ ವಿಮಾನ. ಸೆಕೆಯಲ್ಲಿ ಟೇಕಾಫಿಗೆ ಶಕ್ತಿ ಸಾಲದಾದಾಗ ಎಂಜಿನ್ನಿಗೆ ನೀರು ಮತ್ತು ಮೆಥನಾಲ್ ಬೆರೆಸಿ ಊಡಿಸುತ್ತಿದ್ದರು. ಈ ಪುಸ್ತಕದ ಹನ್ನೊಂದನೆಯ ಪುಟದಲ್ಲಿ ನನಗೆ ಮೊದಲ ಸಲ ಆ ಗುರುತು ಕಾಣಿಸಿತು. ಷರಾ ಬರೆಯುವ ಕಾಲಮ್ಮಿನ ಅಂಚಿನಲ್ಲಿ, ಇಂಗ್ಲಿಷ್ ಶಾಯಿ ಬರಹದ ನಡುವೆ, ಪೆನ್ಸಿಲ್ಲಿನಲ್ಲಿ ಒಂದು ಚಿಕ್ಕ ಕನ್ನಡ ಅಕ್ಷರ: 'ವಾ'.

ಏನಿದು ಎಂದು ಹೊಳೆಯಲಿಲ್ಲ. ನಾಲ್ಕು ಪುಟದ ಮೇಲೆ ಮತ್ತೊಂದು. ಮೂರನೆಯದರ ಮುಂದೆ ಮಾತ್ರ ಎರಡು ಪದ ಹೆಚ್ಚಿಗೆ ಇದ್ದುವು: 'ವಾ. ಬಜಪೆ ಮೋಡ.' ಆಗ ಅರ್ಥವಾಯಿತು. ಇಳಿಯಬೇಕಾದಲ್ಲಿ ಇಳಿಯದೆ, ಮತ್ತೆ ಮೇಲೆದ್ದು ವಾಪಸ್ ಬಂದ ಅಥವಾ ಬೇರೆ ಊರಿಗೆ ಹೋದ ಹಾರಾಟಗಳ ಗುರುತು ಅದು. ಮಂಗಳೂರಿನ ವಿಮಾನ ನಿಲ್ದಾಣ ಇರುವುದು ಬಜಪೆಯಲ್ಲಿ; ಆ ಕಾಲದ ಅಲ್ಲಿನ ರನ್‌ವೇ ಗುಡ್ಡದ ನೆತ್ತಿಯ ಮೇಲೆ 1,615 ಮೀಟರ್ ಉದ್ದಕ್ಕಷ್ಟೇ ಇತ್ತು. ಮಳೆಗಾಲದಲ್ಲಿ ಕಡಲ ಕಡೆಯಿಂದ ಮೋಡ ನುಗ್ಗಿ ಬಂದರೆ, ಎರಡು ನಿಮಿಷದ ಹಿಂದೆ ಕಂಡಿದ್ದ ಗುಡ್ಡವೇ ಮಾಯವಾಗುತ್ತಿತ್ತು.

ಮೊತ್ತಗಳನ್ನು ತುಂಬಿಸುವುದರ ಜೊತೆಗೆ ಆ ದಿನದಿಂದ ಪೆನ್ಸಿಲ್ 'ವಾ'ಗಳನ್ನೂ ಬೇರೊಂದು ಹಾಳೆಯಲ್ಲಿ ಎಣಿಸತೊಡಗಿದೆ. ಕಾರ್ಡಿಗೆ ಅದು ಬೇಕಿರಲಿಲ್ಲ. ಆದರೆ ಸರ್ ನನಗೆ ಕಲಿಸಿದ್ದರಲ್ಲಿ ಬಹುಪಾಲು ಆ ಅಕ್ಷರದ ಬಗ್ಗೆಯೇ ಇತ್ತು ಎಂಬುದು ಅಲ್ಲಿಯವರೆಗೆ ನನಗೇ ತಿಳಿದಿರಲಿಲ್ಲ.

ನಾನು ಅವರ ಕೈಕೆಳಗೆ ಬಂದದ್ದು 2005ರಲ್ಲಿ, ಏರ್‌ಬಸ್ ಎ320ರ ಟ್ರೇನಿ ಫಸ್ಟ್ ಆಫೀಸರ್ ಆಗಿ, ಹಳೆಯ ಎಚ್‌ಎಎಲ್ ವಿಮಾನ ನಿಲ್ದಾಣದಲ್ಲಿ. ಮೊದಲ ದಿನ ವಿಮಾನದ ಸುತ್ತ ನಡೆದು ತಪಾಸಣೆ ಮಾಡುವಾಗ ನಾನು ಟಾರ್ಚು ಬಿಟ್ಟು ಸರಸರನೆ ಸಾಗುತ್ತಿದ್ದರೆ, ಅವರು ಚಕ್ರದ ಬಳಿ ಕುಕ್ಕರಗಾಲಲ್ಲಿ ಕೂತು ಟೈರಿನ ಒಳಮೈಗೆ ಅಂಗೈ ಆಡಿಸುತ್ತಿದ್ದರು. "ಕೊಬ್ಬರಿ ಮಂಡಿಯವರು ಅಂದೆಯಲ್ಲ, ನಿಮ್ಮಪ್ಪ ಕೊಬ್ಬರಿಯನ್ನ ಟಾರ್ಚಲ್ಲಿ ನೋಡ್ತಾರೋ, ಕೈಯಲ್ಲಿ ಮುಟ್ಟಿ ನೋಡ್ತಾರೋ?" ಎಂದರು. ಆಮೇಲೆ ನಾನು ಯಾವತ್ತೂ ಟೈರ್ ಮುಟ್ಟದೆ ಹತ್ತಿದವಳಲ್ಲ.

ಎ320ರ ಕಂಪ್ಯೂಟರು ಎಲ್ಲಿಂದ ಇಳಿಯಲು ಶುರುಮಾಡಬೇಕೆಂದು ಪರದೆಯ ಮೇಲೆಯೇ ತೋರಿಸುತ್ತದೆ. ಸರ್ ಅದನ್ನು ನಂಬುತ್ತಿದ್ದರು, ಆದರೆ ನನ್ನ ಬಾಯಲ್ಲಿ ಲೆಕ್ಕ ಹೇಳಿಸಿದ ಮೇಲೆ. ಎತ್ತರವನ್ನು ಸಾವಿರ ಅಡಿಗಳಲ್ಲಿ ತೆಗೆದುಕೊಂಡು ಮೂರರಿಂದ ಗುಣಿಸಿದರೆ ಇಳಿಯಲು ಬೇಕಾದ ನಾಟಿಕಲ್ ಮೈಲು. 30 ಸಾವಿರಕ್ಕೆ 90. ಬೆನ್ನಗಾಳಿ ಇದ್ದರೆ ಇನ್ನಷ್ಟು ಸೇರಿಸು. ರನ್‌ವೇಯ ಕಡೆಗಿನ ಮೂರು ಡಿಗ್ರಿ ಜಾರಿನಲ್ಲಿ, ನೆಲದ ಮೇಲಿನ ವೇಗಕ್ಕೊಂದು ಸೊನ್ನೆ ಸೇರಿಸಿ ಅರ್ಧ ಮಾಡಿದರೆ ನಿಮಿಷಕ್ಕೆ ಎಷ್ಟು ಅಡಿ ಇಳಿಯಬೇಕೆಂಬುದು ಸಿಗುತ್ತದೆ. 140 ನಾಟ್‌ಗೆ 700 ಅಡಿ. ಇದನ್ನೆಲ್ಲ ಅವರು ಕನ್ನಡದಲ್ಲೇ, ಮಗ್ಗಿಯ ರಾಗದಲ್ಲೇ ಹೇಳಿಸುತ್ತಿದ್ದರು. "ಹೆದರಿದಾಗ ಇಂಗ್ಲಿಷ್ ಮಗ್ಗಿ ಮರೆತುಹೋಗುತ್ತೆ, ಅಮ್ಮ ಹೇಳಿಕೊಟ್ಟದ್ದು ಮರೆಯಲ್ಲ" ಎಂಬುದು ಅವರ ವಾದ. ಒಪ್ಪುವವರು ಒಪ್ಪಲಿ, ನನಗಂತೂ ಇವತ್ತಿಗೂ ಲೆಕ್ಕ ಕನ್ನಡದಲ್ಲೇ ಬರುತ್ತದೆ.

ಆರನೆಯ ರಾತ್ರಿ 1990ಕ್ಕೆ ಬಂದೆ. ಬೋಯಿಂಗ್ 737ರಲ್ಲಿ ಹತ್ತು ವರ್ಷ ಕಳೆದು, ಹಿಂದಿನ ವರ್ಷವಷ್ಟೇ ದೇಶಕ್ಕೆ ಬಂದಿದ್ದ ಎ320ಗೆ ಬದಲಾಗಿದ್ದ ಅವರ ಪುಟಗಳಲ್ಲಿ ಫೆಬ್ರವರಿ 13ರ ಸಾಲಿದೆ. ಮುಂದಿನ ಸಾಲಿನ ದಿನಾಂಕ ತಿಂಗಳುಗಟ್ಟಲೆ ಆಚೆಯದು. ನಡುವೆ ಒಂದೇ ಒಂದು ಖಾಲಿ ಸಾಲು ಬಿಟ್ಟಿದ್ದಾರೆ, ಎಂಟು ಪುಸ್ತಕಗಳಲ್ಲಿ ಅದೊಂದೇ ಖಾಲಿ ಸಾಲು. 1990ರ ಫೆಬ್ರವರಿ 14ರಂದು ಮುಂಬೈಯಿಂದ ಬಂದ ಎ320 ವಿಮಾನ ಎಚ್‌ಎಎಲ್ ರನ್‌ವೇ ತಲುಪುವ ಮೊದಲೇ ಗಾಲ್ಫ್ ಮೈದಾನದಲ್ಲಿ ನೆಲಕ್ಕೆ ಬಡಿದು, ಅದರಲ್ಲಿದ್ದ 146 ಮಂದಿಯಲ್ಲಿ 92 ಮಂದಿ ತೀರಿಕೊಂಡರು. ಎಂಜಿನ್‌ಗಳು ಐಡಲ್‌ನಲ್ಲೇ, ಅಂದರೆ ಕನಿಷ್ಠ ಶಕ್ತಿಯಲ್ಲೇ ಉಳಿದು, ವೇಗ ಕುಸಿಯುತ್ತ ಬಂದದ್ದು ಕಡೆಯ ಗಳಿಗೆಯವರೆಗೂ ಗಮನಕ್ಕೆ ಬಂದಿರಲಿಲ್ಲ. ದೇಶದ ಎ320ಗಳನ್ನೆಲ್ಲ ಸರ್ಕಾರ ನೆಲಕ್ಕಿಳಿಸಿತು. ಆ ದಿನದ ಬಗ್ಗೆ ಸರ್ ನಮ್ಮ ಮುಂದೆ ಮಾತಾಡಿದ್ದು ನನಗೆ ನೆನಪಿಲ್ಲ. ಆದರೆ ಆ ರನ್‌ವೇಗೆ ಇಳಿಯುವಾಗಲೆಲ್ಲ ಅವರು ವೇಗವನ್ನೂ ಎಂಜಿನ್ ಯಾವ ಮೋಡ್‌ನಲ್ಲಿದೆ ಎಂಬುದನ್ನೂ ಬಾಯಿಬಿಟ್ಟು ಹೇಳುತ್ತಿದ್ದರು. ಪೂಜಾರಿ ಮಂತ್ರ ಹೇಳಿದ ಹಾಗೆ ಎಂದು ನಾವು ಹುಡುಗರು ಹಿಂದಿನಿಂದ ನಗುತ್ತಿದ್ದೆವು. ಅವರಿಗಿದ್ದ ಕಾರಣವನ್ನು ಆ ಖಾಲಿ ಸಾಲಿನ ಎದುರು ಕೂತು ತಿಳಿದುಕೊಂಡೆ. ನಗು ನೆನೆದು ಮುಖ ಬಿಸಿಯಾಯಿತು.

ಏಳನೆಯ ಪುಸ್ತಕದಲ್ಲಿ ನಾನು ಸಿಕ್ಕಿದೆ. 2007ರ ಜುಲೈ, ಬೆಂಗಳೂರು–ಮಂಗಳೂರು, ಕೋ-ಪೈಲಟ್‌ನ ಕಾಲಮ್ಮಿನಲ್ಲಿ ನನ್ನ ಹೆಸರು.

ಬಜಪೆಯಲ್ಲಿ ಆಗ 2,450 ಮೀಟರಿನ ಹೊಸ ರನ್‌ವೇ ಬಂದು ವರ್ಷವಾಗಿತ್ತು. ಉದ್ದ ಹೆಚ್ಚಾದರೂ ಗುಡ್ಡದ ನೆತ್ತಿಯೇ; ಕೊನೆಯಲ್ಲಿ ಮತ್ತೆ ಕಣಿವೆಯೇ. ಮಳೆಗಾಲವಾದ್ದರಿಂದ ಸರ್ ವಿಮಾನ ನಡೆಸುತ್ತಿದ್ದರು, ನಾನು ಉಪಕರಣ ನೋಡುತ್ತ ರೇಡಿಯೊ ಮಾತಾಡುತ್ತಿದ್ದೆ. ಮೊದಲ ಅಪ್ರೋಚಿನಲ್ಲಿ ನಿಗದಿತ ಕನಿಷ್ಠ ಎತ್ತರಕ್ಕೆ ಬಂದರೂ ಗಾಜಿನಾಚೆ ಹಿಂಡಿದ ಹತ್ತಿಯ ಹೊರತು ಏನೂ ಇರಲಿಲ್ಲ. ಗೋ ಅರೌಂಡ್ ಮಾಡಿ, ಅಂದರೆ ಇಳಿಯುವುದನ್ನು ಕೈಬಿಟ್ಟು ಮತ್ತೆ ಮೇಲೇರಿ, ಇಪ್ಪತ್ತು ನಿಮಿಷ ಮೇಲೆ ಸುತ್ತಿ, ಎರಡನೆಯ ಸಲ ಬಂದೆವು. ಈ ಸಲ ಐನೂರು ಅಡಿಯ ಹತ್ತಿರ ವೈಪರಿನ ನಡುವೆ ಸಾಲುದೀಪಗಳು ಕಂಡವು. ನನಗೆ ಹಿಗ್ಗೋ ಹಿಗ್ಗು. "ರನ್‌ವೇ ಕಾಣ್ತಿದೆ ಸರ್!" ಎಂದು ನಾನು ಹೇಳಿ ಮುಗಿಸುವುದರೊಳಗೆ ಅವರು "ಗೋ ಅರೌಂಡ್" ಎಂದು ಥ್ರಸ್ಟ್ ಲಿವರ್‌ಗಳನ್ನು ಪೂರ್ತಿ ಮುಂದಕ್ಕೆ ತಳ್ಳಿಯಾಗಿತ್ತು. ಬೆನ್ನು ಸೀಟಿಗೆ ಒತ್ತಿಕೊಂಡಿತು, ದೀಪಗಳು ಮೂಗಿನ ಕೆಳಗೆ ಜಾರಿ ಹೋದವು. ಚಕ್ರ ಮೇಲೆತ್ತಿ, ಫ್ಲಾಪ್ ಎಳೆದು, ಬೆಂಗಳೂರಿಗೆ ತಿರುಗಿದ ಮೇಲೆ ಅವರು ಕೇಳಿದರು: "ರನ್‌ವೇ ನೋಡಿದೆ, ಸರಿ. ಸ್ಪೀಡ್ ನೋಡಿದೆಯಾ?"

ನೋಡಿರಲಿಲ್ಲ. ಮಳೆಯ ಬಿರುಗಾಳಿಗೆ ವೇಗ ಹದಿನೈದು ನಾಟ್ ಮೇಲೆ ಕೆಳಗೆ ಕುಣಿಯುತ್ತಿತ್ತು. ಐನೂರು ಅಡಿಯಲ್ಲಿ ವೇಗ, ದಾರಿ, ಇಳಿಯುವ ದರ ಎಲ್ಲವೂ ಸ್ಥಿರವಾಗಿರದಿದ್ದರೆ ಮುಂದುವರಿಯಕೂಡದು ಎಂಬ ನಿಯಮವನ್ನು ನಾನು ಪರೀಕ್ಷೆಯಲ್ಲಿ ಬರೆದು ಅಂಕ ತೆಗೆದುಕೊಂಡಿದ್ದೆ. "ಕಾಣೋದು ಬೇರೆ, ಇಳಿಯೋದು ಬೇರೆ" ಎಂದಷ್ಟೇ ಹೇಳಿ ಅವರು ಕಾಫಿ ತರಿಸಿದರು.

ಬೆಂಗಳೂರಿನಲ್ಲಿ ಇಳಿದ ಮೇಲೆ ಅವರು ಕಾಕ್‌ಪಿಟ್‌ನಲ್ಲಿ ಕೂರಲಿಲ್ಲ. ಬಾಗಿಲ ಬಳಿ ನಿಂತು, ಬಯ್ಯಬೇಕೆಂದಿದ್ದವರಿಗೆಲ್ಲ ಮುಖ ತೋರಿಸಿದರು. ಒಬ್ಬ ಹಿರಿಯರು, "ಬಸ್ಸಲ್ಲಿ ಹೋಗಿದ್ದರೆ ಇಷ್ಟು ಹೊತ್ತಿಗೆ ಮನೆ ಸೇರ್ತಿದ್ದೆ" ಎಂದು ರೇಗಿದರು. ಸರ್ ಕೈ ಮುಗಿದು, "ಹೌದು ಸ್ವಾಮಿ, ಶಿರಾಡಿ ಘಾಟಿ ತೆರೆದಿದ್ದರೆ" ಎಂದರು. ಆ ಹಿರಿಯರಿಗೇ ನಗು ಬಂತು.

ಲಾಗ್‌ಬುಕ್ಕಿನಲ್ಲಿ ಆ ಸಾಲಿನ ಅಂಚಿಗೆ ಹೀಗಿದೆ: 'ವಾ. ಹುಡುಗಿ ದೀಪ ನೋಡಿದಳು.' ಹದಿನೇಳು ವರ್ಷದ ಮೇಲೆ ಓದಿದಾಗಲೂ ಅದು ಬೈಗುಳವೋ ಮೆಚ್ಚುಗೆಯೋ ನನಗೆ ತೀರ್ಮಾನಕ್ಕೆ ಬರಲಿಲ್ಲ.

ಅವರು ನಿವೃತ್ತರಾದ ಎರಡು ತಿಂಗಳಿಗೆ, 2008ರ ಮೇ 24ರಂದು, ಬೆಂಗಳೂರಿನ ನಾಗರಿಕ ವಿಮಾನಗಳೆಲ್ಲ ದೇವನಹಳ್ಳಿಗೆ ಹೋದವು. ಮನೆಯ ಮೇಲೆ ಸದ್ದೇ ಇಲ್ಲದಂತಾಯಿತೆಂದು ಅಮ್ಮ ಸಂತೋಷಪಟ್ಟರೆ, ಸರ್ ಸ್ವಲ್ಪ ದಿನ ನಿದ್ದೆಗೆಟ್ಟರಂತೆ. 2010ರ ಮೇ 22ರ ಬೆಳಿಗ್ಗೆ ಅವರೇ ನನಗೆ ಫೋನ್ ಮಾಡಿದ್ದರು. ದುಬೈಯಿಂದ ಬಂದ ವಿಮಾನ ಬಜಪೆಯ ರನ್‌ವೇ ದಾಟಿ ಕಣಿವೆಗೆ ಉರುಳಿ 158 ಜನ ಹೋಗಿದ್ದರು. ಉಳಿದವರು ಎಂಟು ಮಂದಿ. ಫೋನಿನಲ್ಲಿ "ಎಲ್ಲಿದ್ದೀಯ?" ಎಂದು ಕೇಳಿ, ಮನೆಯಲ್ಲಿದ್ದೇನೆ ಎಂದ ಮೇಲೆ ಇಟ್ಟುಬಿಟ್ಟರು. ಮುಂದೆ ತನಿಖಾ ವರದಿ ಬಂದು, ಅಪ್ರೋಚ್ ಸ್ಥಿರವಾಗಿರಲಿಲ್ಲ, ಫಸ್ಟ್ ಆಫೀಸರ್ ಗೋ ಅರೌಂಡ್ ಎಂದು ಕೂಗಿದ್ದರು, ಆದರೂ ವಿಮಾನ ಅರ್ಧ ರನ್‌ವೇ ದಾಟಿ ನೆಲ ಮುಟ್ಟಿತ್ತು ಎಂದು ತಿಳಿದಾಗ, ಅವರು ನನ್ನನ್ನು ಮನೆಗೆ ಕರೆಸಿ, ಆ ಪುಟಗಳನ್ನು ಗಟ್ಟಿಯಾಗಿ ಓದಿಸಿದರು. ಸತ್ತವರ ಬಗ್ಗೆ ಒಂದು ಕೆಟ್ಟ ಮಾತು ಆಡಲಿಲ್ಲ, ಆಡಲು ನನಗೂ ಬಿಡಲಿಲ್ಲ. "ಪಕ್ಕದವನು ಹೇಳಿದ್ದು ಕಿವಿಗೆ ಬೀಳೋ ಹಾಗೆ ಇರಬೇಕು, ಅದೇ ಕಷ್ಟ" ಎಂದರು.

ಅಷ್ಟೆಲ್ಲ ಓದಿಸಿಕೊಂಡ ನಾನೇ ಎರಡು ವರ್ಷದ ನಂತರ ಕಮಾಂಡ್ ಪರೀಕ್ಷೆಯ ಸಿಮ್ಯುಲೇಟರಿನಲ್ಲಿ, ಒಂದೇ ಎಂಜಿನ್‌ನಲ್ಲಿ ಇಳಿಯುವಾಗ, ಗೋ ಅರೌಂಡ್ ತಡ ಮಾಡಿ ನಪಾಸಾದೆ. ಹೇಗೋ ಸರಿಹೋದೀತು ಎಂಬ ಆ ಎರಡು ಸೆಕೆಂಡಿನ ಆಸೆ! ಸಮಾಧಾನದ ಮಾತು ಸಿಕ್ಕೀತೆಂದು ಅವರ ಮನೆಗೆ ಹೋದರೆ, ಉಪ್ಪಿನ ಡಬ್ಬಿಯನ್ನು ವಿಮಾನ ಮಾಡಿ, ಮೇಜಿನ ಅಂಚನ್ನು ರನ್‌ವೇ ಮಾಡಿ, ರಾತ್ರಿ ಹನ್ನೊಂದರವರೆಗೆ ಮತ್ತೆ ಮತ್ತೆ ಇಳಿಸಿದರು, ಮತ್ತೆ ಮತ್ತೆ ಏರಿಸಿದರು. ಮೂರು ತಿಂಗಳಿಗೆ ಪಾಸಾದೆ. ಕ್ಯಾಪ್ಟನ್ ಆಗಿ ಮೊದಲ ಹಾರಾಟ ಮುಗಿಸಿ ಫೋನ್ ಮಾಡಿದಾಗ ಅವರು ಕೇಳಿದ್ದು ಒಂದೇ ಪ್ರಶ್ನೆ: "ಇಳಿದಾಗ ಇಂಧನ ಎಷ್ಟಿತ್ತು?"

ಒಂಬತ್ತನೆಯ ರಾತ್ರಿ ಕೊನೆಯ ಪುಟದ ಮೊತ್ತ ತುಂಬಿಸಿ, ಎಲ್ಲವನ್ನೂ ಕೂಡಿಸುವ ಗುಂಡಿ ಒತ್ತಿದೆ. ಪರದೆಯ ಮೇಲೆ ಬಂದದ್ದು: 14:40. ನಲವತ್ತು ವರ್ಷದ ಹಾರಾಟ ಹದಿನಾಲ್ಕು ಗಂಟೆ ನಲವತ್ತು ನಿಮಿಷ! ಎಕ್ಸೆಲ್‌ಗೆ ಸಮಯವೆಂದರೆ ಗಡಿಯಾರ. ಇಪ್ಪತ್ನಾಲ್ಕು ಗಂಟೆಯಾದೊಡನೆ ಅದು ದಿನವೊಂದನ್ನು ಕಳೆದು ಮತ್ತೆ ಸೊನ್ನೆಯಿಂದ ತೋರಿಸುತ್ತದೆ. ಗಂಟೆಯ ಅಕ್ಷರಕ್ಕೆ ಚೌಕ ಕಂಸ ಹಾಕಬೇಕೆಂದು ನೆನಪಾಗಿ ಹಾಕಿದ ಮೇಲೆ ಸರಿಯಾದ ಮೊತ್ತ ಬಂತು: 17,846 ಗಂಟೆ 40 ನಿಮಿಷ. ಸರ್ ಬರೆದದ್ದಕ್ಕಿಂತ 18 ನಿಮಿಷ ಹೆಚ್ಚು.

ಹದಿನೆಂಟು ನಿಮಿಷ ಬಿಟ್ಟುಬಿಡಬಹುದಿತ್ತು. ನಾನು ಎಲ್ಲೋ ತಪ್ಪಾಗಿ ಒತ್ತಿರಬೇಕೆಂದು ಪುಟದ ತಲೆಗೆ ಒಯ್ದ ಮೊತ್ತಗಳನ್ನು ಒಂದೊಂದಾಗಿ ತಾಳೆ ನೋಡುತ್ತ ಬಂದೆ. ಎರಡನೆಯ ಪುಸ್ತಕದ 1978ರ ಒಂದು ಪುಟದ ಬುಡದಲ್ಲಿ ನಿಮಿಷದ ಮನೆಯಲ್ಲಿ 53 ಇತ್ತು, ಮುಂದಿನ ಪುಟದ ತಲೆಯಲ್ಲಿ 35. ಅಂಕಿ ಅದಲುಬದಲಾಗಿ ತಪ್ಪು ಅಲ್ಲಿಂದ ಮೂವತ್ತು ವರ್ಷ ಹರಿದು ಬಂದಿತ್ತು. ಅದರ ಪಕ್ಕದಲ್ಲೇ, ಎಷ್ಟೋ ಕಾಲದ ಮೇಲೆ ಬರೆದಂತೆ ಕಾಣುವ ನಡುಗುಗೈಯ ಪೆನ್ಸಿಲ್ ಅಕ್ಷರ: '18 ನಿ. ಬಿಟ್ಟಿದೆ. ಇರಲಿ.'

ಅಂದರೆ ಅವರೂ ಯಾವಾಗಲೋ, ಪ್ರಾಯಶಃ ನಿವೃತ್ತರಾದ ಮೇಲೆ, ಇದೇ ಮೇಜಿನ ಮುಂದೆ ಕೂತು ಎಲ್ಲವನ್ನೂ ಮತ್ತೊಮ್ಮೆ ಕೂಡಿಸಿದ್ದರು. ಸಹಿ ಹಾಕಿದ ಲೆಕ್ಕವನ್ನು ತಮ್ಮ ಲಾಭಕ್ಕೆ ತಿದ್ದಲು ಮನಸ್ಸು ಬಂದಿರಲಿಲ್ಲ. ನಮ್ಮ ಹಾರಾಟದ ಲೆಕ್ಕ ಈಗ ನಾಗರಿಕ ವಿಮಾನಯಾನದ ನಿಯಂತ್ರಕರಾದ ಡಿಜಿಸಿಎಯ ಇ-ಲಾಗ್‌ಬುಕ್ಕಿಗೆ ಹೋಗುತ್ತದೆ, ಅಲ್ಲಿ ಅಂಕಿ ಅದಲುಬದಲಾಗುವುದಿಲ್ಲ, ಒಳ್ಳೆಯದೇ. ಪೆನ್ಸಿಲ್ಲಿಗೆ ಅಂಚು ಮಾತ್ರ ಇಲ್ಲ.

'ವಾ'ಗಳ ಹಾಳೆಯನ್ನೂ ಎಣಿಸಿದೆ. ನಲವತ್ತೇಳು. ಅದರಲ್ಲಿ ಹತ್ತೊಂಬತ್ತು ಮಂಗಳೂರಿನವು.

ಕಾರ್ಡಿಗೆ ಸರ್ ಬರೆದ ಅಂಕಿಯನ್ನೇ ಕೊಟ್ಟೆ. ಅಮ್ಮನಿಗೆ ಎಲ್ಲವನ್ನೂ ವಿವರಿಸಿ ಹೇಳಿದಾಗ ಅವರು ಕೇಳಿದ್ದು ಬೇರೆಯೇ: "ಇಷ್ಟು ಗಂಟೆ ಅಂದರೆ ಎಷ್ಟು ವರ್ಷ ಆಯಿತಮ್ಮ?" ಇಪ್ಪತ್ನಾಲ್ಕರಿಂದ ಭಾಗಿಸಿ, 743 ದಿನ, ಎರಡು ವರ್ಷದ ಮೇಲೆ ಹದಿಮೂರು ದಿನ ಎಂದೆ. ಅವರು ಕನ್ನಡಕ ತೆಗೆದು ನನ್ನನ್ನೇ ನೋಡಿದರು. "ಎರಡೇ ವರ್ಷವಾ? ಮಿಕ್ಕಿದ್ದೆಲ್ಲ ಎಲ್ಲಿದ್ದರು ಹಾಗಾದರೆ? ನಾನು ಮೂವತ್ತು ವರ್ಷ ಮೇಲೇ ಇದ್ದರು ಅಂದುಕೊಂಡಿದ್ದೆ."

ಮಗಳು ನಕ್ಕಳು, ಆಮೇಲೆ ಅಡುಗೆಮನೆಗೆ ಎದ್ದು ಹೋದಳು. ಅಮ್ಮ ಪುಸ್ತಕಗಳನ್ನು ಒಂದೊಂದಾಗಿ ಒರೆಸಿ ಹಳೆಯ ಪಂಚೆಯಲ್ಲಿ ಸುತ್ತುತ್ತ, ಎರಡನೆಯದನ್ನು ಕೈಯಲ್ಲೇ ಹಿಡಿದುಕೊಂಡು, "ಆ ಹದಿನೆಂಟು ನಿಮಿಷ ಯಾರ ಲೆಕ್ಕಕ್ಕೂ ಬೇಡ ಅಂದರೆ ನನ್ನ ಲೆಕ್ಕಕ್ಕೆ ಬರಲಿ ಬಿಡು" ಎಂದರು. ಆ ಪುಟ ಯಾವುದೆಂದು ತೋರಿಸಲು ಹೇಳಿದರು. ತೋರಿಸಿದೆ. ಬೆಳಿಗ್ಗೆ ನಾಲ್ಕೂವರೆಗೆ ನನಗೆ ದೇವನಹಳ್ಳಿಯಲ್ಲಿ ರಿಪೋರ್ಟಿಂಗ್ ಇದ್ದುದರಿಂದ ಹೊರಟೆ. ಗೇಟು ಹಾಕಿಕೊಳ್ಳುವಾಗಲೂ ಊಟದ ಮೇಜಿನ ದೀಪ ಉರಿಯುತ್ತಿತ್ತು.